ಊದುವುದಿಲ್ಲ

ಗಿರಣಿಯಲ್ಲಿ ವರ್ಷಕ್ಕೊಂದು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಉಸಿರು ಕಟ್ಟುತ್ತದೆಯೇ?

ಇಲ್ಲ ಎನ್ನಬೇಕು. ಹೌದು ಎಂದವನ ಹೆಸರಿನ ಮುಂದೆ ಮೇಸ್ತ್ರಿ ಒಂದು ಗೀಟು ಎಳೆಯುತ್ತಿದ್ದ. ಮಾರನೆಯ ದಿನ ಅವನಿಗೆ ಗೇಟು ತೆರೆಯುತ್ತಿರಲಿಲ್ಲ. "ನಿನ್ನ ಮೈ ಚೆನ್ನಾಗಿಲ್ಲಪ್ಪ, ಮನೇಲಿ ರೆಸ್ಟ್ ತಗೋ" ಎನ್ನುತ್ತಿದ್ದ ಮೇಸ್ತ್ರಿ. ಮನೆಯಲ್ಲಿ ರೆಸ್ಟ್ ತಗೊಂಡರೆ ಒಲೆಯೂ ರೆಸ್ಟ್ ತಗೊಳ್ಳುತ್ತದೆ. ಹಾಗಾಗಿ ಎಲ್ಲರೂ ಗೋಡೆಯ ಹಿಂದೆ ಹೋಗಿ ಕೆಮ್ಮಿ ಮುಗಿಸಿ, ಬಾಯಿ ಒರೆಸಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಇಲ್ಲ. ಇಲ್ಲ. ಇಲ್ಲ.

ಅದು ಬಿಳಿಕಲ್ಲನ್ನು ಪುಡಿ ಮಾಡುವ ಗಿರಣಿ. ಗಾಜಿಗೆ, ಟೈಲ್ಸಿಗೆ, ಬಣ್ಣಕ್ಕೆ ಹೋಗುವ ಪುಡಿ. ಒಂದು ಕಡೆ ಕಲ್ಲು ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆ ಹಿಟ್ಟು ಬೀಳುತ್ತಿತ್ತು. ಆ ಹಿಟ್ಟು ನೆಲಕ್ಕೆ ಬೀಳುವುದಕ್ಕಿಂತ ಗಾಳಿಯಲ್ಲಿ ನಿಲ್ಲುವುದೇ ಹೆಚ್ಚು. ಊಟದ ಡಬ್ಬಿಯ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಅನ್ನದ ಮೇಲೆ ಒಂದು ಪದರ ಕೂತಿರುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಕಂಪನಿಯವರು ಬಟ್ಟೆ ಕೊಡುತ್ತಿದ್ದರು. ತನಿಖೆಯವರು ಬರುವ ದಿನ ಬೆಳಿಗ್ಗೆ ಕೊಟ್ಟು, ಸಂಜೆ ವಾಪಸ್ ಇಸಿದುಕೊಳ್ಳುತ್ತಿದ್ದರು.

ಅವಳು ಅಲ್ಲಿ ಜರಡಿಯ ಮುಂದೆ ನಿಲ್ಲುತ್ತಿದ್ದಳು. ಹದಿನಾರು ವರ್ಷದಿಂದ. ಜರಡಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಗಂಡ ಯಂತ್ರದ ಬಾಯಿಗೆ ಕಲ್ಲು ಹಾಕುತ್ತಿದ್ದ. ಇಬ್ಬರು ಎತ್ತುವ ಕಲ್ಲನ್ನು ಒಬ್ಬನೇ ಎತ್ತಿ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದವನು. ಎದೆ ಅಷ್ಟಗಲ, ಕತ್ತು ಕಂಬದ ಹಾಗೆ. ಅವನಿಗೆ ಗುಂಡುಕಲ್ಲು ಎಂದು ಹೆಸರು ಬಿದ್ದಿತ್ತು. ಅವನ ಅಣ್ಣನೂ ಅದೇ ಬಾಯಿಗೆ ಕಲ್ಲು ಹಾಕಿ ಮೂವತ್ತೆಂಟಕ್ಕೇ ಸತ್ತಿದ್ದ. ಮಗನ ಹೆಣದ ಮುಂದೆ ಕೂತು ಅವಳ ಅತ್ತೆ ಅತ್ತಿರಲಿಲ್ಲ. "ಕಲ್ಲು ತಿಂದು ಅರಗಿಸ್ಕೊಂಡೋರು ಯಾರಿದ್ದಾರೆ" ಎಂದಿದ್ದಳು ಅಷ್ಟೇ.

ನಾಲ್ಕು ವರ್ಷದ ಹಿಂದೆ ಅವರ ಗಲ್ಲಿಗೆ ಒಬ್ಬ ಡಾಕ್ಟರಮ್ಮ ಬಂದರು. ಗಿರಣಿಯವರ ಕಡೆಯವರಲ್ಲ, ದೊಡ್ಡಾಸ್ಪತ್ರೆಯವರು. ಎದೆ ಕಾಯಿಲೆಯ ಬಗ್ಗೆ ಏನೋ ಓದುತ್ತಿದ್ದರಂತೆ. ಗಲ್ಲಿಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಅವರು ನಲ್ಲಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಆ ದಿನ ಗಿರಣಿಗೆ ರಜೆ. ಜರಡಿಯಕ್ಕನೇ ಹೋಗಿ ಮಾತಾಡಿಸಿದಳು.

"ಉಸಿರು ಕಟ್ಟುತ್ತಾ ಅಂತ ಕೇಳಿದ್ರೆ ಯಾರೂ ಹೇಳಲ್ಲ ಡಾಕ್ಟರಮ್ಮ. ಹೇಳಿದ್ರೆ ಅನ್ನ ಹೋಗುತ್ತೆ."

"ನಾನು ಕಟ್ಟುತ್ತಾ ಅಂತ ಕೇಳಲ್ಲಮ್ಮ. ಯಾವಾಗ ಕಟ್ಟುತ್ತೆ ಅಂತ ಕೇಳ್ತೀನಿ. ಗಿರಣಿಗೆ ಹೇಳಲ್ಲ."

ಅವರ ಹತ್ತಿರ ಒಂದು ಹಾಳೆ ಇತ್ತು. ಅದರಲ್ಲಿ ಐದು ಮೆಟ್ಟಿಲು. ಮೈಮುರಿದು ದುಡಿದಾಗ ಮಾತ್ರ ಏದುಸಿರು ಬಂದರೆ ಒಂದು. ಬೇಗ ಬೇಗ ನಡೆದಾಗ, ಏರು ಹತ್ತಿದಾಗ ಬಂದರೆ ಎರಡು. ಓರಗೆಯವರ ಜೊತೆ ಸಮಸಮ ನಡೆಯಲಾಗದೆ ಹಿಂದೆ ಬಿದ್ದರೆ ಮೂರು. ನೂರು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳಬೇಕಾದರೆ ನಾಲ್ಕು. ಮನೆ ಬಿಟ್ಟು ಹೊರಡಲಾಗದಿದ್ದರೆ, ಅಂಗಿ ಹಾಕಿ ತೆಗೆಯುವಷ್ಟಕ್ಕೇ ಉಸಿರು ಸೋತರೆ ಐದು.

ಜರಡಿಯಕ್ಕ ಅವರನ್ನು ಮನೆಮನೆಗೆ ಕರೆದುಕೊಂಡು ಹೋದಳು. ಅವಳು ಜೊತೆಗಿದ್ದದ್ದರಿಂದ ಬಾಗಿಲು ತೆರೆದವು. ಇಪ್ಪತ್ತಮೂರು ಜನ ಹೇಳಿದರು. ಒಬ್ಬೊಬ್ಬರಿಂದ ಒಂದು ಊದುವ ಯಂತ್ರಕ್ಕೂ ಊದಿಸಿದರು. ಚೀಲ ಹೊಲಿಯುವವಳು ಯಂತ್ರಕ್ಕೆ ಚೆನ್ನಾಗಿಯೇ ಊದಿದಳು. ಆದರೆ ಬಚ್ಚಲಿಗೂ ನಿಂತು ನಿಂತು ಹೋಗುತ್ತೇನೆ, ನಾಲ್ಕು ಅಂತ ಬರಕೊಳ್ಳಿ ಎಂದಳು. ಮೂಲೆಮನೆಯ ಹಮಾಲಿ ಮುದುಕ ಊದಿದ್ದಕ್ಕೆ ಯಂತ್ರದ ಮುಳ್ಳು ಅಲ್ಲಾಡಲೇ ಇಲ್ಲ. ಅವನು ಮಾತ್ರ, "ನಂದು ಎರಡು. ಏರಲ್ಲಿ ಸ್ವಲ್ಪ ಕಷ್ಟ. ಜಗಳಕ್ಕೇನೂ ತೊಂದ್ರೆ ಇಲ್ಲ" ಎಂದ. ಗುಂಡುಕಲ್ಲು ಮೂರು ಎಂದ.

ಹೊರಡುವಾಗ ಜರಡಿಯಕ್ಕ ಕೇಳಿದಳು. "ಯಂತ್ರ ಒಂದು ಹೇಳುತ್ತೆ, ಮನುಷ್ಯ ಒಂದು ಹೇಳ್ತಾನೆ. ಯಾವುದನ್ನ ನಂಬ್ತೀರಿ?"

ಡಾಕ್ಟರಮ್ಮ ಚಪ್ಪಲಿ ಹಾಕಿಕೊಂಡು, ಹಾಳೆಯನ್ನು ಅವಳ ಕೈಗೆ ಕೊಟ್ಟರು. "ಎರಡೂ ಬೇಕು. ಆದರೆ ಯಾರು ಎಷ್ಟು ದಿನ ಬದುಕ್ತಾರೆ ಅನ್ನೋದನ್ನ ಯಂತ್ರಕ್ಕಿಂತ ಈ ಉತ್ತರವೇ ಸರಿಯಾಗಿ ಹೇಳುತ್ತೆ ಕಣಮ್ಮ. ಬೇರೆ ಕಡೆ ನೋಡಿದ್ದಾರೆ. ಇಲ್ಲಿ ಹಾಗಾಗದೇ ಇರಲಿ."

ಇಲ್ಲಿಯೂ ಹಾಗೇ ಆಯಿತು.

ಐದು ಎಂದ ಇಬ್ಬರು ವರ್ಷ ದಾಟಲಿಲ್ಲ. ನಾಲ್ಕು ಎಂದವರು ಐದು ಜನ, ಮೂರು ವರ್ಷದಲ್ಲಿ ನಾಲ್ವರು ಹೋದರು. ಚೀಲ ಹೊಲಿಯುವವಳು ಎಂಟೇ ತಿಂಗಳಿಗೆ ಹೋದಳು. ಮೂರು ಎಂದ ಏಳು ಜನರಲ್ಲಿ ಇಬ್ಬರು. ಎರಡು ಎಂದವರಲ್ಲಿ ಸತ್ತವನು ಒಬ್ಬ, ಅವನೂ ಲಾರಿ ಹಿಂದಕ್ಕೆ ಬರುವಾಗ ಚಕ್ರಕ್ಕೆ ಸಿಕ್ಕಿ ಸತ್ತ. ಯಂತ್ರ ನಪಾಸು ಮಾಡಿದ್ದ ಹಮಾಲಿ ಮುದುಕ ಎಲ್ಲರ ಹೆಣಕ್ಕೂ ಹೆಗಲು ಕೊಟ್ಟ. ಡಾಕ್ಟರಮ್ಮನಿಗೆ ಅಷ್ಟರಲ್ಲಿ ಎಲ್ಲಿಗೋ ವರ್ಗವಾಗಿತ್ತು. ಜರಡಿಯಕ್ಕ ಯಾವುದನ್ನೂ ಬರೆದಿಡಲಿಲ್ಲ. ಬರೆದಿಡಬೇಕಾದ ಸಂಗತಿಯೇ ಅಲ್ಲ ಅದು. ಒಂದೊಂದು ಸಾವಿಗೂ, ಇವರು ಎಷ್ಟು ಅಂದಿದ್ದರು ಎಂದು ಅವಳ ತಲೆಯೇ ಕೇಳಿ, ತಲೆಯೇ ಉತ್ತರ ಕೊಡುತ್ತಿತ್ತು. ಅದಕ್ಕೇ ಗುಂಡುಕಲ್ಲು ಅಂಗಡಿಗೆ ಹೋಗಿಬರುವಾಗ ದಾರಿಯಲ್ಲಿ ನಿಂತು ಪೋಸ್ಟರು ಓದಲು ಶುರುಮಾಡಿದಾಗ ಅವಳ ತಲೆ ನಾಲ್ಕು ಎಂದಿತು. ಅವನಿಗೆ ಓದಲು ಬರುತ್ತಿರಲಿಲ್ಲ.

ಆರು ತಿಂಗಳ ನಂತರ ಅವನು ಯಂತ್ರದ ಬಾಯಿಯ ಪಕ್ಕ ಕಲ್ಲಿನ ಸಮೇತ ಕುಸಿದ. ಒಂದು ಗೇಣು ಆಚೆ ಬಿದ್ದಿದ್ದರೆ ಅವನೂ ಪುಡಿಯಾಗುತ್ತಿದ್ದ. ಮೇಸ್ತ್ರಿ ಗೀಟು ಎಳೆದ.

ಗಲ್ಲಿಯವರಿಗೆ ಉಳಿದಿದ್ದದ್ದು ಒಂದೇ ದಾರಿ, ಸರ್ಕಾರದ ವೈದ್ಯ ಮಂಡಳಿ. ಮಂಡಳಿಯವರು 'ಕಲ್ಲುಪುಡಿಯ ಕಾಯಿಲೆ' ಎಂದು ಚೀಟಿ ಕೊಟ್ಟರೆ ಕಾರ್ಮಿಕರ ಆಸ್ಪತ್ರೆಯಲ್ಲಿ ಔಷಧಿ, ಮನೆಗೆ ಗಾಳಿಯ ಯಂತ್ರ, ಗಿರಣಿಯಿಂದ ಅರ್ಧ ಸಂಬಳ. ಕೊಡದಿದ್ದರೆ ಏನೂ ಇಲ್ಲ. ಗಲ್ಲಿಯಿಂದ ಹದಿನಾಲ್ಕು ಜನಕ್ಕೆ ಒಂದೇ ದಿನ ಬರಹೇಳಿದ್ದರು.

ಆ ಬೆಳಿಗ್ಗೆ ಅಂಗಿ ತೊಡಿಸಲು ಅವಳೂ ಅತ್ತೆಯೂ ಸೇರಿದರು. ಒಂದು ತೋಳು ಹಾಕಿ ಕೂರಿಸಿದರು. ಇನ್ನೊಂದು ತೋಳು ಹಾಕಿ ಮತ್ತೆ ಕೂರಿಸಿದರು. ಅವನ ತುಟಿ ನೇರಳೆಯಾಗಿತ್ತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿದ್ದವು.

"ಎಳೇ ಮಗುವಾಗಿದ್ದಾಗ್ಲೂ ಇಷ್ಟು ಹೊತ್ತು ತಗೋತಿರ್ಲಿಲ್ಲ ಇವ್ನು" ಎಂದಳು ಅತ್ತೆ, ಗುಂಡಿ ಹಾಕುತ್ತಾ.

ಅವನು ನಗಲು ಹೋದ. ನಗುವುದಕ್ಕೂ ಉಸಿರು ಬೇಕು. ಬಿಟ್ಟುಬಿಟ್ಟ.

ಉಸಿರು ಸೋತವರನ್ನು ಪರೀಕ್ಷೆ ಮಾಡುವ ಮಂಡಳಿ ಎರಡನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ 'ಅಧಿಕಾರಿಗಳಿಗೆ ಮಾತ್ರ' ಎಂದು ಬೋರ್ಡು. ಮೂವತ್ತೆರಡು ಮೆಟ್ಟಿಲು. ಗುಂಡುಕಲ್ಲು ನಾಲ್ಕು ಹತ್ತಿ ಕೂತ. ಮತ್ತೆ ಮೂರು ಹತ್ತಿ ಕೂತ. ಜರಡಿಯಕ್ಕನೂ ಜೊತೆಗೇ ಕೂತಳು. ಗಂಡನಿಗೋಸ್ಕರ ಕೂತೆ ಅಂದುಕೊಂಡಳು. ಬಿಳಿ ಅಂಗಿಯವರು ಅವರನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬ, "ದಾರೀಲೇ ಕೂತ್ಕೋಬೇಡ್ರೀ" ಎಂದು ಗದರಿದ. ಮೇಲಕ್ಕೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಉಳಿದವರೂ ಹಾಗೇ ಬಂದರು, ಗೋಡೆ ಹಿಡಿದು, ಒಬ್ಬರ ಬೆನ್ನು ಒಬ್ಬರು ಹಿಡಿದು. ಹಮಾಲಿ ಮುದುಕ ಕೊನೆಗೆ ಬಂದ.

ಒಳಗೆ ಮೂವರಿದ್ದರು. ಮಧ್ಯದಲ್ಲಿ ದೊಡ್ಡ ಡಾಕ್ಟರು. ಒಂದು ಪಕ್ಕ ಗಿರಣಿಯ ಸಾಹೇಬರು, ಇನ್ನೊಂದು ಪಕ್ಕ ಬರೆದುಕೊಳ್ಳುವ ಗುಮಾಸ್ತೆ, ಇಪ್ಪತ್ತೈದರ ಹುಡುಗಿ. ಮೂಲೆಯಲ್ಲಿ ಊದುವ ಯಂತ್ರ, ಅದರ ಪಕ್ಕ ಊದಿಸುವವನು.

ಯಾರೂ ಏನೂ ಕೇಳಲಿಲ್ಲ. ಕೂತುಕೋ ಎಂದೂ ಅನ್ನಲಿಲ್ಲ. ಊದಿಸುವವನು ಗುಂಡುಕಲ್ಲಿನ ಮೂಗಿಗೆ ಕ್ಲಿಪ್ಪು ಹಾಕಿ ಬಾಯಿಗೆ ಕೊಳವೆ ತುರುಕಿದ.

"ಊದು. ಊದು ಊದು ಊದು. ಇನ್ನೂ ಊದು. ಇಷ್ಟು ದಪ್ಪ ಇದ್ದೀಯ, ಉಸಿರಿಲ್ವಾ? ಮತ್ತೆ ಊದು."

ಮೂರು ಸಲ. ಮೂರನೆಯದಕ್ಕೆ ಅವನ ಕಣ್ಣು ಮೇಲಕ್ಕೆ ಹೋಯಿತು. ಜರಡಿಯಕ್ಕ ಸೊಂಟ ಹಿಡಿಯದಿದ್ದರೆ ಬೀಳುತ್ತಿದ್ದ. ಬಾಯಿಂದ ಜೊಲ್ಲು ಅಂಗಿಯ ಮೇಲೆ ಇಳಿಯಿತು.

ಯಂತ್ರದಿಂದ ಒಂದು ಚೀಟಿ ಬಂತು. ದೊಡ್ಡ ಡಾಕ್ಟರು ನೋಡಿದರು. "ಗೆರೆಗಿಂತ ಮೇಲಿದೆ. ಕೆಲಸಕ್ಕೆ ಯೋಗ್ಯ. ಮುಂದಿನವರು."

ಗುಮಾಸ್ತೆ ಕಾಗದ ತಿರುಗಿಸಿ ಪೆನ್ನು ಇಟ್ಟಳು. "ಇಲ್ಲಿ ಇವರದು ಸಹಿ. ಇಲ್ಲಿ ನಿಮ್ಮದು, ಮನೆಯವರು ಅಂತ."

ಜರಡಿಯಕ್ಕ ಪೆನ್ನು ಮುಟ್ಟಲಿಲ್ಲ. "ಸಾರ್, ನೀವು ಇವ್ರನ್ನ ಏನೂ ಕೇಳ್ಲೇ ಇಲ್ವಲ್ಲ."

"ಏನು ಕೇಳಬೇಕಿತ್ತು?"

"ಎಷ್ಟು ನಡೆದ್ರೆ ಉಸಿರು ಕಟ್ಟುತ್ತೆ ಅಂತ."

"ಅದು ಬಾಯಿಮಾತಮ್ಮ. ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ತಾರೆ. ಯಂತ್ರ ಸುಳ್ಳು ಹೇಳಲ್ಲ."

ಗಿರಣಿಯ ಸಾಹೇಬರು ನಕ್ಕರು. ಒಂದು ಉದ್ದದ ಪುಸ್ತಕ ಬಿಡಿಸಿದರು. "ಬಾಯಿಮಾತೇ ಬೇಕಾದ್ರೆ ಇಲ್ಲಿದೆ ನೋಡಿ ಸಾರ್. ಪ್ರತಿ ವರ್ಷ ಕೇಳಿದ್ದೀವಿ, ಉಸಿರು ಕಟ್ಟುತ್ತಾ ಅಂತ. ಪ್ರತಿ ವರ್ಷ ಇಲ್ಲ ಅಂದಿದ್ದಾನೆ. ಇವಳೂ ಇಲ್ಲ ಅಂದಿದ್ದಾಳೆ. ಈಗ ಅರ್ಧ ಸಂಬಳ ತಿಂದು ಮಲಗೋಣ ಅಂತ ಉಸಿರು ಕಟ್ಟುತ್ತೆ."

ಹದಿನಾರು ವರ್ಷದ ಹದಿನಾರು 'ಇಲ್ಲ'ಗಳು. ಅನ್ನ ಉಳಿಸಿಕೊಳ್ಳಲು ಹೇಳಿದ ಒಂದೊಂದು ಸುಳ್ಳೂ ಈಗ ಗಂಡನ ಕುತ್ತಿಗೆ ಹಿಚುಕುತ್ತಿತ್ತು. ಅವಳು ಸಾಹೇಬರ ಕಡೆ ತಿರುಗಿದಳು.

"ಹೌದು, ಸುಳ್ಳು ಹೇಳಿದ್ವಿ. ನಿಜ ಹೇಳಿದೋನಿಗೆ ನೀವು ಗೇಟು ಹಾಕಿದ್ರಿ. ನಾವು ಹೇಳಿದ್ದಲ್ಲ ಅದು, ನೀವು ಹೇಳಿಸಿದ್ದು."

"ಧ್ವನಿ ತಗ್ಗಿಸು" ಎಂದರು ಸಾಹೇಬರು.

ಅವಳು ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಹರವಿದಳು. "ಸಾರ್, ಇದರಲ್ಲಿ ಐದು ಮೆಟ್ಟಿಲಿದೆ. ನಮ್ಮ ಗಲ್ಲಿಯ ಇಪ್ಪತ್ತಮೂರು ಜನ ಇದಕ್ಕೆ ಉತ್ತರ ಹೇಳಿದ್ರು. ಐದು ಅಂದೋರು ಮೊದಲು ಸತ್ರು. ಆಮೇಲೆ ನಾಲ್ಕು ಅಂದೋರು. ಚೀಲ ಹೊಲಿಯೋಳು ನಿಮ್ಮ ಇಂಥದ್ದೇ ಯಂತ್ರದಲ್ಲಿ ಪಾಸಾಗಿದ್ಲು. ಎಂಟು ತಿಂಗಳಿಗೆ ಸತ್ಲು. ಹೆಣ ಹೊತ್ತೋನು ಯಂತ್ರದಲ್ಲಿ ಫೇಲಾದೋನು, ಹೊರಗೆ ಕೂತಿದ್ದಾನೆ, ಬೇಕಾದ್ರೆ ಕರೀತೀನಿ."

ದೊಡ್ಡ ಡಾಕ್ಟರು ಹಾಳೆಯ ಮೇಲೆ ಕಣ್ಣಾಡಿಸಿದರು. ಪೂರ್ತಿ ಓದಲಿಲ್ಲ. ಓದುವ ಅಗತ್ಯ ಅವರಿಗಿರಲಿಲ್ಲ ಎನ್ನುವುದು ಅವಳಿಗೆ ಅವರ ಮುಖದಲ್ಲೇ ಕಂಡಿತು.

"ಇದು ನಿಮಗೆ ಗೊತ್ತಿದೆ" ಎಂದಳು.

ಅವರು ಕನ್ನಡಕ ತೆಗೆದು ಒರೆಸಿದರು. "ಕಾಲೇಜಲ್ಲಿ ಓದಿದ್ದೇವೆ."

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಫಾರಂನಲ್ಲಿ ಆ ಕಾಲಂ ಇಲ್ಲಮ್ಮ."

ಅವಳು ಹಾಳೆ ಮಡಿಸಿಕೊಂಡಳು. ಗಂಡನ ತೋಳು ಹಿಡಿದು ಹೊರಗೆ ಕರೆತಂದಳು. ಕಾರಿಡಾರಿನ ಬೆಂಚುಗಳಲ್ಲಿ, ನೆಲದಲ್ಲಿ ಹದಿಮೂರು ಜನ ಕೂತಿದ್ದರು. ಹದಿಮೂರು ಎದೆಗಳ ಸದ್ದು ಮಾತಿಗಿಂತ ಜೋರಾಗಿತ್ತು.

"ಒಳಗೆ ಏನೂ ಕೇಳಲ್ಲ" ಎಂದಳು ಅವಳು. "ಊದಿಸ್ತಾರೆ, ಯೋಗ್ಯ ಅಂತ ಬರೀತಾರೆ, ಸಹಿ ಹಾಕಿಸ್ಕೋತಾರೆ. ನಾನು ಹಾಕಿಲ್ಲ."

ಮಾತು ಖರ್ಚು ಮಾಡುವ ಶಕ್ತಿ ಯಾರಲ್ಲೂ ಇರಲಿಲ್ಲ. ಆಗ ಒಳಗಿಂದ ಮುಂದಿನ ಹೆಸರು ಕೂಗಿದರು. ಲಾರಿ ತುಂಬುವವನದು. ಅವನು ಎದ್ದು, ಬಾಗಿಲವರೆಗೆ ಹೋಗಿ, ನಿಂತು ಸುಧಾರಿಸಿಕೊಂಡ.

"ಊದಲ್ಲ" ಎಂದ. ವಾಪಸ್ ಬಂದು ಕೂತ.

ಮುಂದಿನ ಹೆಸರು. "ಊದಲ್ಲ." ಅದರ ಮುಂದಿನದು. "ಮೊದ್ಲು ಕೇಳಿ, ಬರಕೊಳ್ಳಿ. ಆಮೇಲೆ ಊದ್ತೀನಿ." ಹಮಾಲಿ ಮುದುಕನ ಸರದಿ ಬಂದಾಗ ಅವನು ಏಳಲೂ ಇಲ್ಲ. ಕೂತಲ್ಲಿಂದಲೇ, "ಇರೋ ಗಾಳಿ ಇಷ್ಟೇ ಇಷ್ಟು. ಅದನ್ನೂ ನಿಮಗೇ ಕೊಟ್ಟು ಹೋಗ್ಬೇಕಾ?" ಎಂದ.

ಊದಿಸುವವನು ಕೊಳವೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಸಾಹೇಬರು ಹೊರಗೆ ಬಂದು ಬೈದರು. ಒಬ್ಬೊಬ್ಬರ ಹೆಸರನ್ನೂ ಗುರುತು ಹಾಕಿಕೊಳ್ಳುತ್ತೇನೆ ಎಂದರು. ಹಾಕ್ಕೊಳ್ಳಿ ಎಂದರು ಇವರು. ಸತ್ತರೆ ಹೆಸರು ಬೇಕಾಗುತ್ತೆ. ಮಧ್ಯಾಹ್ನವಾಯಿತು. ಒಳಗಿನವರಿಗೆ ಊಟ ಹೋಯಿತು, ಖಾಲಿ ತಟ್ಟೆ ಬಂತು. ಹೊರಗಿನವರು ನೀರು ಕುಡಿದರು. ಗುಂಡುಕಲ್ಲು ಹೆಂಡತಿಯ ಪಕ್ಕದಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈಯೂರಿ ಕೂತಿದ್ದ. ಹಾಗೆ ಕೂತರೆ ಮಾತ್ರ ಸ್ವಲ್ಪ ಗಾಳಿ ಒಳಗೆ ಹೋಗುತ್ತಿತ್ತು.

ಮೂರು ಗಂಟೆಗೆ ಪೊಲೀಸಿನವನೊಬ್ಬ ಬಂದ. ಲಿಫ್ಟು ಅವನಿಗೂ ಇಲ್ಲ. ಹೊಟ್ಟೆ ಹೊತ್ತು ಮೂವತ್ತೆರಡು ಮೆಟ್ಟಿಲು ಹತ್ತಿ, ಗೋಡೆ ಹಿಡಿದು ನಿಂತು, ಬಾಯಿ ತೆರೆದ. ಮಾತು ಬರಲಿಲ್ಲ.

"ಮೆಟ್ಟಿಲು ಹತ್ತಿದ್ರೆ ಬರುತ್ತೆ ಅಂದ್ರೆ ಎರಡು ಸಾರ್" ಎಂದ ಹಮಾಲಿ ಮುದುಕ. "ನಂದೂ ಅದೇ. ಕೂತ್ಕೊಳ್ಳಿ."

ಬೆಂಚಿನ ಮೇಲೆ ನಗು ಎದ್ದಿತು. ನಗು ಕೆಮ್ಮಾಯಿತು. ಕೆಮ್ಮು ಒಬ್ಬರಿಂದ ಒಬ್ಬರಿಗೆ ಹರಿದು ಇಡೀ ಕಾರಿಡಾರು ಕೆಮ್ಮಿತು. ಒಬ್ಬಳು ಉಗಿದ ಬಟ್ಟೆಯಲ್ಲಿ ರಕ್ತವಿತ್ತು. ಪೊಲೀಸಿನವನು ಅದನ್ನು ನೋಡಿದ. ಲಾಠಿಯನ್ನು ಗೋಡೆಗೆ ಒರಗಿಸಿ ನಿಜವಾಗಿಯೂ ಕೂತುಬಿಟ್ಟ. "ಏನಂತೆ ಇವ್ರದು?" ಎಂದು ಬಾಗಿಲಿಗೆ ಬಂದಿದ್ದ ಗುಮಾಸ್ತೆಯನ್ನು ಕೇಳಿದ.

"ಒಂದು ಪ್ರಶ್ನೆ ಕೇಳಬೇಕಂತೆ" ಎಂದಳು ಅವಳು.

"ಕೇಳೋದಕ್ಕೆ ಏನು ಕಷ್ಟ?"

ಗುಮಾಸ್ತೆ ತಿರುಗಿ ಒಳಗೆ ಹೋದಳು. ಒಳಗೆ ಮಾತು ಏರಿತು, ಇಳಿಯಿತು. ಅವತ್ತಿನ ಕಡತ ಮುಗಿಸದೆ ದೊಡ್ಡ ಡಾಕ್ಟರು ಊರಿಗೆ ಹೊರಡುವಂತಿರಲಿಲ್ಲ. ನಾಲ್ಕೂವರೆಗೆ ಅವಳು ಫಾರಂಗಳನ್ನೂ ಒಂದು ಸ್ಕೇಲನ್ನೂ ಹಿಡಿದು ಬಂದಳು. ಫಾರಂನ ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದ್ದಳು. ಗೆರೆ ನೇರವಾಗಿತ್ತು.

"ಆ ಹಾಳೆ ಕೊಡಿ ಅಕ್ಕ" ಎಂದಳು. ಗುಂಡುಕಲ್ಲಿನ ಎದುರು ನೆಲದಲ್ಲೇ ಕೂತಳು. ಒಂದೊಂದು ಮೆಟ್ಟಿಲನ್ನೂ ನಿಧಾನವಾಗಿ ಓದಿ ಹೇಳಿದಳು. "ಇದರಲ್ಲಿ ನಿಮ್ಮದು ಯಾವುದು?"

ಅವನು ಹೆಂಡತಿಯ ಮುಖ ನೋಡಿದ. ಅವಳಿಗೆ ಆಗ ಅರ್ಥವಾಯಿತು, ಬೆಳಗಿನಿಂದ ತಾನು ಏನನ್ನು ಬರೆಸಲು ಹೋರಾಡುತ್ತಿದ್ದೇನೆ ಎಂದು. ಐದು ಎಂದ ಇಬ್ಬರ ಹೆಣಕ್ಕೂ ಅವನೇ ಒಂದು ಮೂಲೆ ಹಿಡಿದಿದ್ದ. ಅವನಿಗೆ ಲೆಕ್ಕ ಗೊತ್ತಿತ್ತು. ಅವಳಿಗೆ ನಾಲ್ಕು ಅನ್ನಲಿ ಅನ್ನಿಸಿತು. ಒಂದು ಸುಳ್ಳು. ಇನ್ನೊಂದೇ ಒಂದು ಸುಳ್ಳು.

ಗುಂಡುಕಲ್ಲು ಬಲಗೈ ಎತ್ತಿದ. ಕಲ್ಲು ಹೊತ್ತು ಗಟ್ಟಿಯಾದ ಅಂಗೈ. ಐದೂ ಬೆರಳನ್ನು ಬಿಡಿಸಿ ಹಿಡಿದ.

ಗುಮಾಸ್ತೆ ಬರೆದಳು.

ಆ ದಿನ ಹದಿನಾಲ್ಕು ಜನರದ್ದೂ ಬರೆದುಕೊಂಡರು. ಎಲ್ಲರಿಗೂ ಚೀಟಿ ಸಿಗಲಿಲ್ಲ. ಎಂಟು ಜನಕ್ಕೆ ಸಿಕ್ಕಿತು, ಆರು ಜನರನ್ನು ಮತ್ತೆ ಬನ್ನಿ ಎಂದರು. ಇಳಿಯುವಾಗ ಪೊಲೀಸಿನವನು ಲಿಫ್ಟಿನವನಿಗೆ ಏನೋ ಹೇಳಿ ಬಾಗಿಲು ತೆಗೆಸಿದ. ಲಿಫ್ಟಿನೊಳಗೆ ಗುಂಡುಕಲ್ಲು ಕೇಳಿದ, ಒಂದೊಂದೇ ಪದ ಹೆಕ್ಕಿ. "ಐದು ಅಂದ್ರೆ… ಎಷ್ಟು ದಿನ ಅಂತ… ಗೊತ್ತಲ್ಲ ನಿಂಗೆ."

"ಗೊತ್ತು."

"ಅಣ್ಣಂದು… ಯಾರೂ ಬರೀಲಿಲ್ಲ."

ಅವಳು ಅವನ ಅಂಗಿಯ ಮೇಲಿನ ಜೊಲ್ಲಿನ ಕಲೆಯನ್ನು ಸೆರಗಿನಿಂದ ಒರೆಸಿದಳು. ಒಣಗಿಹೋಗಿತ್ತು, ಹೋಗಲಿಲ್ಲ.

ಗಾಳಿಯ ಯಂತ್ರ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಗಿರಣಿಯವರು ಅವಳನ್ನು ತೆಗೆದಿದ್ದರು. ಕಾರಣ ಬರೆದುಕೊಡಲಿಲ್ಲ. ಅವಳು ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋದಳು. ಯಂತ್ರ ಬಂದ ಮೇಲೆ ಗುಂಡುಕಲ್ಲು ಐದು ತಿಂಗಳು ಬದುಕಿದ. ಆ ಐದು ತಿಂಗಳು ಅವನು ಮಲಗಿ ನಿದ್ದೆ ಮಾಡಿದ. ಅದಕ್ಕೆ ಮೊದಲು ತಿಂಗಳುಗಟ್ಟಲೆ ರಾತ್ರಿಯೆಲ್ಲ ಕೂತೇ ಕಳೆದವನು. ಅಮ್ಮನ ಜೊತೆ ಸಣ್ಣಸಣ್ಣ ಜಗಳವನ್ನೂ ಆಡಿದ. ಒಂದು ಬೆಳಿಗ್ಗೆ ಅತ್ತೆ ಕಾಫಿ ತಂದು ಎಬ್ಬಿಸಿದಳು. ಮೂಗಿನ ಕೊಳವೆಯಲ್ಲಿ ಗಾಳಿ ಬರುತ್ತಲೇ ಇತ್ತು. ತಗೊಳ್ಳುವವನಿರಲಿಲ್ಲ.

ಈ ಸಲ ಅತ್ತೆ ಅತ್ತಳು. ಮೂರು ದಿನ ಅತ್ತು ನಾಲ್ಕನೇ ದಿನ, "ಆ ಹಾಳೆ ಎಲ್ಲಿಟ್ಟಿದ್ದೀಯೇ?" ಎಂದು ಸೊಸೆಯನ್ನು ಕೇಳಿದಳು. "ರಸ್ತೆ ಆಚೆ ಗಿರಣಿಯ ಹೆಂಗಸರು ಬಂದಿದ್ರು. ಅದರಲ್ಲಿ ಏನಿದೆ ಅಂತ ಕೇಳ್ತಿದ್ರು."

ಭಾನುವಾರ ಅವಳು ರಸ್ತೆ ದಾಟಿ ಆ ಗಲ್ಲಿಗೆ ಹೋದಳು. ಒಂದು ಮನೆಯ ಮುಂದೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಬರೆಯಲು ಬರುವವಳು ಒಬ್ಬಳಿದ್ದಳು, ಹೊಸದಾಗಿ ಕೆಲಸಕ್ಕೆ ಸೇರಿದ ಬಾಣಂತಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನೋಟ್‌ಬುಕ್ ಹಿಡಿದಿದ್ದಳು. ಜರಡಿಯಕ್ಕ ಐದು ಮೆಟ್ಟಿಲನ್ನೂ ಹೇಳಿದಳು. ಹಾಳೆ ನೋಡದೆಯೇ ಹೇಳಿದಳು. ಆಮೇಲೆ, "ಹೇಳಿ, ಯಾರ್ಯಾರದು ಎಷ್ಟು?" ಎಂದಳು.

"ಒಂದು" ಎಂದಳು ಮೊದಲನೆಯವಳು. "ನಂದೂ ಒಂದೇ" ಎಂದಳು ಪಕ್ಕದವಳು. "ನಂಗೇನೂ ಇಲ್ಲಪ್ಪ" ಎಂದಳು ಮತ್ತೊಬ್ಬಳು. ಹಾಗೆ ಹೇಳಿದವಳ ಕತ್ತಿನ ಗುಳಿ ಉಸಿರಿಗೊಮ್ಮೆ ಒಳಕ್ಕೆ ಕುಸಿಯುತ್ತಿತ್ತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಣಂತಿ ಪೆನ್ನು ಹಿಡಿದುಕೊಂಡೇ ಇದ್ದಳು. ಏನೂ ಬರೆದಿರಲಿಲ್ಲ.

"ಅಕ್ಕ" ಎಂದಳು. "ನಿಮ್ಮದೆಷ್ಟು?"

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಗಲ್ಲಿಯ ಉತ್ತರಗಳನ್ನೆಲ್ಲ ತಲೆಯಲ್ಲಿ ಹೊತ್ತವಳು ಒಂದನ್ನು ಮಾತ್ರ ಪಕ್ಕಕ್ಕೆ ಇಟ್ಟಿದ್ದಳು. ಪಾತ್ರೆ ತಿಕ್ಕುವ ಮನೆಗಳಿಗೆ ಜೊತೆಗೆ ಹೋಗುವವರು ಈಗ ತಿರುವಿನಲ್ಲಿ ಅವಳಿಗಾಗಿ ನಿಂತು ಕಾಯುತ್ತಿದ್ದರು. ಈ ರಸ್ತೆ ದಾಟಿ ಬಂದಾಗಲೂ ಅವಳು ಗೋಡೆ ಹಿಡಿದಿದ್ದಳು.

"ಮೂರು" ಎಂದಳು ಜರಡಿಯಕ್ಕ. "ಬರಿ. ಮೊದ್ಲು ನಂದು ಬರಿ."

ಬಾಣಂತಿ ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿ ಬರೆದಳು. ಮೊದಲು ಒಂದು ಎಂದಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ನಂದು ಒಂದಲ್ಲ, ಬರಕೋ" ಎಂದಳು.